ಅರಮನೆಗೆ ಬಂದ ದೇವಿ
ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಬಾಳಿನ ಒಂದು ಅಧ್ಯಾಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಯಾವ ಹಳ್ಳಿಗೆ ಹೋದರೂ ಐವತ್ತು ದಾಟಿದವರ ತೋಳಿನ ಮೇಲೆ ಕಾಸಿನಗಲದ, ಮಾಸಿದ ಒಂದೆರಡು ಕಲೆಗಳನ್ನು ಕಾಣಬಹುದು. ಏನೆಂದು ಕೇಳಿದರೆ ದೇವಿ ಹಾಕಿಸಿದ ಗುರುತು ಎನ್ನುತ್ತಾರೆ. ಸಿಡುಬಿಗೆ ನಮ್ಮ ಜನ ಇಟ್ಟ ಹೆಸರು ದೇವಿ, ಅಮ್ಮ. ಅದನ್ನು ತರುವವಳೂ, ಮನೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ಸದ್ದನ್ನು ನಿಲ್ಲಿಸಿ ಬೇಡಿಕೊಂಡರೆ ತಣ್ಣಗಾಗಿ ಹಿಂದಿರುಗುವವಳೂ ದೇವಿಯೇ. ಕೊನೆಗೆ ಆ ಬೇನೆ ಬಾರದಂತೆ ತಡೆಯುವ ಮದ್ದಿಗೂ ಅದೇ ಹೆಸರು ಬಂತು. ರೋಗ, ದೈವ, ಮದ್ದು ಮೂರಕ್ಕೂ ಒಂದೇ ಮಾತನ್ನು ಸಲ್ಲಿಸಿದುದು ಭಾಷೆಯ ಬಡತನವೆಂದು ಯಾರೂ ತಿಳಿಯಬಾರದು. ಹೊಸ ವಸ್ತುವೊಂದು ಮನೆಯ ಹೊಸ್ತಿಲು ದಾಟಬೇಕಾದರೆ ಹಳೆಯ ಹೆಸರನ್ನು ಹೊತ್ತೇ ಬರಬೇಕೆಂಬುದನ್ನು ಜನ ಪುಸ್ತಕ ಓದದೆಯೇ ಅರಿತಿದ್ದರು.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲೆಲ್ಲ ದಡಾರ ಮತ್ತು ರುಬೆಲ್ಲಾ ಬೇನೆಗಳ ಲಸಿಕೆಯ ಅಭಿಯಾನ ನಡೆದುದು ಓದುಗರಿಗೆ ನೆನಪಿರಬಹುದು. ಒಂಬತ್ತು ತಿಂಗಳು ತುಂಬಿದ ಕೂಸಿನಿಂದ ಹದಿನೈದು ತುಂಬದ ಮಕ್ಕಳವರೆಗೆ ಎಲ್ಲರಿಗೂ ಲಸಿಕೆ ಎಂದು ಗೊತ್ತಾಗಿತ್ತು. ದೊಡ್ಡ ಮಕ್ಕಳಿಗೆ ಶಾಲೆಗಳಲ್ಲಿಯೇ ಏರ್ಪಾಡು. ಆಗ ಮೊಬೈಲುಗಳಲ್ಲಿ ಹರಿದಾಡಿದ ವದಂತಿಗಳಿಂದ ಎಷ್ಟೋ ಕಡೆ ತಂದೆತಾಯಿಗಳು ಕಂಗೆಟ್ಟರು. ಕೆಲವರು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ಶಾಲೆಗೆ ಸೇರುವ ಮಗುವಿಗೆ ಲಸಿಕೆ ಹಾಕಿಸಿಯೇ ತೀರಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ನಮ್ಮಲ್ಲಿಲ್ಲ. ಎಲ್ಲವೂ ನಿಂತಿರುವುದು ತಾಯಿತಂದೆಯರ ಒಪ್ಪಿಗೆಯ ಮೇಲೆ. ಆ ಒಪ್ಪಿಗೆ ಹುಟ್ಟುವುದು ಹೇಗೆ? ಮಗುವಿನ ತೋಳನ್ನು ಪರರ ಕೈಗೆ ನೀಡುವಾಗ ಮನೆಯ ಹಿರಿಯರು ಯಾರ ಮಾತನ್ನು ನೆಚ್ಚುತ್ತಾರೆ? ಕನ್ನಡನಾಡಿನಲ್ಲಿ ಈ ಪ್ರಶ್ನೆ ಮೊದಲು ಎದ್ದ ಮನೆಗಳಲ್ಲಿ ಬಹು ದೊಡ್ಡದೆಂದರೆ ಮೈಸೂರಿನ ಅರಮನೆ. ಅದಕ್ಕೆ ಉತ್ತರ ಹೇಳಬೇಕಾಗಿ ಬಂದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಅವರ ಉತ್ತರದ ಬೆಲೆ ತಿಳಿಯಬೇಕಾದರೆ ಅವರ ಬಾಳನ್ನು ಮೊದಲಿನಿಂದ ನೋಡಬೇಕು.

ಲಕ್ಷ್ಮಮ್ಮಣ್ಣಿಯವರು ಕತ್ತಿ ಗೋಪಾಲರಾಜೇ ಅರಸಿನವರ ಮಗಳು. ಇಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದು ಅರಮನೆಗೆ ಬಂದರು. ಅಂದಿನ ಅರಸೊತ್ತಿಗೆ ಹೆಸರಿಗೆ ಮಾತ್ರ ಅರಸೊತ್ತಿಗೆ. ಅಧಿಕಾರವೆಲ್ಲ ದೇವರಾಜಯ್ಯ, ನಂಜರಾಜಯ್ಯ ಎಂಬ ಸೋದರರ ಕೈಯಲ್ಲಿತ್ತು. ಇವರಲ್ಲಿ ಕಿರಿಯನಾದ ಕಳಲೆಯ ನಂಜರಾಜಯ್ಯನನ್ನು ನಾವು ಸಾಹಿತ್ಯದ ಚರಿತ್ರೆಯಲ್ಲಿ ಗೌರವದಿಂದ ಓದುತ್ತೇವೆ. ಶಿವಕಥೆಗಳನ್ನು ಕನ್ನಡದ ಗದ್ಯಕ್ಕೆ ತಂದವನೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇವೆ. ಅರಮನೆಯ ಹೆಂಗಸರಿಗೆ ಅವನು ಕಂಡ ಬಗೆಯೇ ಬೇರೆ. ಅವನ ತರುವಾಯ ಹೈದರಾಲಿಯ ಕಾಲ ಬಂತು. ಖಂಡೇರಾಯನನ್ನು ಮುಂದಿಟ್ಟುಕೊಂಡು ಹೈದರನನ್ನು ಹೊರಹಾಕಲು ಅರಮನೆ 1760ರಲ್ಲಿ ಮಾಡಿದ ಯತ್ನ ಮುರಿದುಬಿತ್ತು. 1761ರ ಹೊತ್ತಿಗೆ ರಾಜ್ಯ ಸಂಪೂರ್ಣವಾಗಿ ಹೈದರನ ವಶವಾಯಿತು. 1766ರಲ್ಲಿ ಕೃಷ್ಣರಾಜರು ತೀರಿಕೊಂಡರು.

ಮುಂದಿನ ಹತ್ತು ವರ್ಷಗಳಲ್ಲಿ ಆ ವಿಧವೆಯ ಕಣ್ಣೆದುರು ನಡೆದುದನ್ನು ಇಲ್ಲಿ ವಿಸ್ತರಿಸುವುದಿಲ್ಲ. 1770ರಲ್ಲಿ ನಂಜರಾಜ ಒಡೆಯರು ಹತರಾದರು. 1776ರಲ್ಲಿ ಅವರ ತಮ್ಮ ಬೆಟ್ಟದ ಚಾಮರಾಜ ಒಡೆಯರೂ ಸಂತಾನವಿಲ್ಲದೆ ಹೋದರು. ಆಗ ಹೈದರನು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ, ಅವರ ಮುಂದೆ ಆಟದ ಸಾಮಾನುಗಳನ್ನೂ ಹಣ್ಣುಗಳನ್ನೂ ಆಯುಧಗಳನ್ನೂ ಹರಡಿಸಿದನಂತೆ. ಕಠಾರಿಗೆ ಕೈಯಿಟ್ಟ ಒಂದು ಕೂಸನ್ನು ಇವನೇ ರಾಜನೆಂದು ಎತ್ತಿಕೊಂಡನಂತೆ. ಅರಿಕುಠಾರದ ಮನೆತನದ ಆ ಮಗುವೇ ಖಾಸಾ ಚಾಮರಾಜ ಒಡೆಯರು. ಕಥೆ ನಿಜವೋ ಕಟ್ಟಿದ್ದೋ, ಅದರ ಧ್ವನಿ ಮಾತ್ರ ಸ್ಪಷ್ಟವಾಗಿದೆ. ಆ ಕಾಲದಲ್ಲಿ ರಾಜಮನೆತನದ ಮಕ್ಕಳೆಂದರೆ ಬಲ್ಲಿದರ ಮುಂದೆ ಹರಡಿದ ದಾಳಗಳು. 1792ರಲ್ಲಿ ಕಾರ್ನ್‌ವಾಲಿಸ್ ಸಂಧಿ ಮಾಡಿಕೊಂಡಾಗ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನೇ ಒತ್ತೆಯಾಗಿ ಕೊಂಡೊಯ್ದನಲ್ಲವೇ? ಇದನ್ನೆಲ್ಲ ಕಂಡ ಹೆಂಗಸು ಮಗುವೊಂದನ್ನು ಪರರ ಕೈಗೆ ಸುಲಭವಾಗಿ ಒಪ್ಪಿಸಲಾರಳು.

ಲಕ್ಷ್ಮಮ್ಮಣ್ಣಿಯವರು ಕಣ್ಣೀರಿಡುತ್ತ ಕುಳಿತವರಲ್ಲ. ಅರಮನೆಯ ಗೋಡೆಗಳೊಳಗೆ ಬಂದಿಯಂತಿದ್ದುಕೊಂಡೇ ಅವರು ರಾಜ್ಯವನ್ನು ಮರಳಿ ಪಡೆಯುವ ಹಂಚಿಕೆಯನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಕೈಬಿಡದೆ ನಡೆಸಿದರು. ತಿರುಮಲರಾಯ, ನಾರಾಯಣರಾಯ ಎಂಬ ಸೋದರರು ಅವರ ಪ್ರಧಾನರಾಗಿ ಇಂಗ್ಲಿಷರ ಬಳಿ ಓಡಾಡಿದರು. 1782ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ರಾಣಿಯ ಹೆಸರಿನಲ್ಲಿ ಕಂಪೆನಿಯೊಡನೆ ಒಪ್ಪಂದವೇ ಆಯಿತು. ಕಂಪೆನಿಯ ಪರವಾಗಿ ಅದನ್ನು ಮಾಡಿಕೊಂಡವನು ಅಲ್ಲಿಯ ರೆಸಿಡೆಂಟ್ ಜಾನ್ ಸಲಿವನ್. ಮರುವರ್ಷ ಶ್ರೀರಂಗಪಟ್ಟಣದೊಳಗೆ ಅಂಚೆಯ ಶಾಮಯ್ಯ ಮುಂತಾದವರು ಸೇರಿ ನಡೆಸಿದ ಪಿತೂರಿ ಬಯಲಾಗಿ ಅನೇಕರು ಪ್ರಾಣ ತೆತ್ತರು. 1784ರಲ್ಲಿ ಮಂಗಳೂರಿನಲ್ಲಿ ಕಂಪೆನಿ ಟಿಪ್ಪುವಿನೊಡನೆ ಸಂಧಿ ಮಾಡಿಕೊಂಡಿತು. ರಾಣಿಗೆ ಕೊಟ್ಟ ಮಾತು ಕಾಗದದಲ್ಲೇ ಉಳಿಯಿತು. 1792ರಲ್ಲಿ ಟಿಪ್ಪು ಸೋತು ಅರ್ಧ ರಾಜ್ಯ ಬಿಟ್ಟುಕೊಟ್ಟಾಗಲೂ ಸಿಂಹಾಸನದ ಮಾತು ಬರಲಿಲ್ಲ. ಎರಡು ಬಾರಿ ನಂಬಿ ಎರಡು ಬಾರಿಯೂ ಬರಿಗೈಯಾದವರು ಅವರು. ಇಂಗ್ಲಿಷರ ಮೇಲಿನ ಕುರುಡು ಭಕ್ತಿಯಿಂದ ಅವರ ಮದ್ದನ್ನು ಈ ರಾಣಿ ಒಪ್ಪಿಕೊಂಡಳೆಂದು ಹೇಳುವವರು ಈ ಎರಡು ವರ್ಷಗಳನ್ನು ಮರೆಯುತ್ತಾರೆ.

ಇನ್ನು 1796. ಆ ವರ್ಷ ಖಾಸಾ ಚಾಮರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡರು. ಅವರಿಗಿನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಉಳಿದವನು 1794ರ ಜುಲೈ 14ರಂದು ಹುಟ್ಟಿದ ಒಬ್ಬ ಮಗ. ತಾಯಿ ಕೆಂಪನಂಜಮ್ಮಣ್ಣಿಯವರು ಅವನ ಹಸುಗೂಸುತನದಲ್ಲೇ ಕಣ್ಮುಚ್ಚಿದ್ದರು. ಟಿಪ್ಪು ಹೊಸ ರಾಜನನ್ನು ಹೆಸರಿಗೂ ಕೂರಿಸಲಿಲ್ಲ. ಅರಮನೆಯನ್ನು ಬರಿದುಮಾಡಿ ರಾಜಕುಟುಂಬವನ್ನು ಹೊರಗಿನ ಬಡ ಮನೆಯೊಂದಕ್ಕೆ ಕಳುಹಿಸಲಾಯಿತು. ತಾಯಿತಂದೆಯಿಲ್ಲದ, ಎರಡು ವರ್ಷದ ಆ ಕೂಸು ಅಜ್ಜಿಯ ಸ್ಥಾನದಲ್ಲಿದ್ದ ಲಕ್ಷ್ಮಮ್ಮಣ್ಣಿಯವರ ಮಡಿಲಿಗೆ ಬಿತ್ತು. ಒಡೆಯರ ವಂಶವೆಲ್ಲ ಆ ಒಂದು ಉಸಿರಿನ ಮೇಲೆ ನಿಂತಿತ್ತು. ಆ ಉಸಿರಿನ ಸುತ್ತ ಖಡ್ಗದ ಭಯ ಒಂದಾದರೆ, ತಂದೆಯನ್ನು ಕೊಂಡೊಯ್ದ ದೇವಿಯ ಭಯ ಇನ್ನೊಂದು.

ಕಾಲದ ಒಂದು ವಿಚಿತ್ರ ಹೊಂದಿಕೆಯನ್ನು ಇಲ್ಲಿಯೇ ಹೇಳಬೇಕು. ಅದೇ 1796ರ ಮೇ 14ರಂದು ಇಂಗ್ಲೆಂಡಿನ ಬರ್ಕ್‌ಲಿ ಎಂಬ ಹಳ್ಳಿಯಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಹಾಲು ಕರೆಯುವ ಹುಡುಗಿಯೊಬ್ಬಳ ಕೈಮೇಲೆ ಎದ್ದಿದ್ದ ಹಸುವಿನ ಸಿಡುಬಿನ ಗುಳ್ಳೆಯ ರಸವನ್ನು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದನು. ಹುಡುಗನು ಜೆನ್ನರನ ತೋಟದಾಳಿನ ಮಗ. ಮುಂದೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಿದರೂ ಅವನಿಗೆ ಬೇನೆ ಬರಲಿಲ್ಲ. ಜೆನ್ನರನ ಹೆಸರು ಜಗತ್ತಿಗೆ ತಿಳಿಯಿತು. ಯಜಮಾನನಿಗೆ ಇಲ್ಲವೆನ್ನಲಾರದೆ ಮಗನ ತೋಳನ್ನು ಒಡ್ಡಿಸಿದ ಆ ಆಳಿನ ಮನಸ್ಸನ್ನು ಚರಿತ್ರೆ ಬರೆದವರು ವಿಚಾರಿಸಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜ್ಯವನ್ನು ಯಾರಿಗೆ ಕೊಡಬೇಕೆಂದು ಕಂಪೆನಿಯ ಕಮಿಷನರುಗಳು ಚರ್ಚಿಸಿ, ಕೊನೆಗೆ ಒಡೆಯರ ಮನೆಯ ಮಗುವನ್ನೇ ಆರಿಸಿದರು. ಟಿಪ್ಪುವಿನ ಮಕ್ಕಳು ವೆಲ್ಲೂರಿನ ಕೋಟೆಗೆ ಹೋದರು. ಜೂನ್ 30ರಂದು ಮೈಸೂರಿನಲ್ಲಿ, ಅರಮನೆಯೇ ಇಲ್ಲದ್ದರಿಂದ ಚಪ್ಪರವೊಂದರ ಕೆಳಗೆ, ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು, ಬ್ಯಾರಿ ಕ್ಲೋಸ್ ರೆಸಿಡೆಂಟನಾದನು. ಜುಲೈ 8ರ ಒಪ್ಪಂದದಂತೆ ರಾಜ್ಯ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪೆನಿಯ ಸೇನೆಗಾಗಿ ತೆರಬೇಕಾಯಿತು. ಮೂವತ್ತು ವರ್ಷಗಳ ವ್ರತಕ್ಕೆ ಫಲ ಬಂದುದು ನಿಜ. ಆದರೆ ಪೂರ್ಣವಾಗಿ ಬರಲಿಲ್ಲ. ನಿನ್ನೆಯವರೆಗೆ ಟಿಪ್ಪುವಿನ ಖಜಾನೆಯನ್ನು ನೋಡಿಕೊಂಡಿದ್ದ ಮಂತ್ರಿಯೇ ಇಂದು ದಿವಾನ, ಎರಡು ಬಾರಿ ಮಾತು ತಪ್ಪಿದ ಕಂಪೆನಿಯೇ ಇಂದು ರಕ್ಷಕ. ಯಾರನ್ನೂ ಪೂರ್ತಿ ನಂಬದೆ, ಯಾರನ್ನೂ ಪೂರ್ತಿ ದೂರಮಾಡದೆ ಮಗುವನ್ನು ಬೆಳೆಸಬೇಕಾದ ಹೊಣೆ ಮಹಾರಾಣಿಯವರದಾಯಿತು.

ಪಟ್ಟವಾದ ಮಾತ್ರಕ್ಕೆ ನಾಡು ಶಾಂತವಾಗಲಿಲ್ಲ. ನಮ್ಮ ಈ ಬಡಗಣ ಸೀಮೆಯೇ ಅದಕ್ಕೆ ಸಾಕ್ಷಿ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾದವನೇ ದಂಡು ಕಟ್ಟಿ, ಉಭಯಲೋಕಗಳಿಗೂ ತಾನೇ ಒಡೆಯನೆಂದು ಬಿರುದು ಧರಿಸಿ, ಮಲೆನಾಡಿನ ಅಂಚಿನಿಂದ ತುಂಗಭದ್ರೆಯಾಚೆಯವರೆಗೆ ಸುತ್ತಾಡಿದನು. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೇನೆಗೆ ಸಿಕ್ಕಿ ಸತ್ತನು. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಕರೆದೊಯ್ದು ಸಾಕುವ ಏರ್ಪಾಡು ಮಾಡಿದನು. ಹುಡುಗನು ಮುಂದೆ ಮೈಸೂರು ರಾಜರ ಸೇವೆಗೆ ಸೇರಿ 1822ರಲ್ಲಿ ಕಾಲರಾ ಬೇನೆಗೆ ಬಲಿಯಾದನು. ಚನ್ನಗಿರಿಯವನ ಮಗ ಮೈಸೂರಿನ ಅನ್ನ ಉಂಡು ಬೇನೆಯಿಂದ ಸತ್ತುದು ಪ್ರಸಂಗಕ್ಕೆ ಹೊರಗಿನ ಮಾತಾಗಿ ತೋರಬಹುದು. ಕತ್ತಿಯಿಂದ ಉಳಿದ ಮಕ್ಕಳನ್ನು ಬೇನೆ ಬಿಡುತ್ತಿರಲಿಲ್ಲ ಎಂಬ ಆ ಕಾಲದ ಸ್ಥಿತಿಗೆ ಅದೊಂದು ನಿದರ್ಶನವೆಂದು ಹೇಳಿದೆನಷ್ಟೆ.

ಜೆನ್ನರನ ಮದ್ದು ಭರತಖಂಡಕ್ಕೆ ಬಂದ ಕಥೆ ಯಾವ ಪುರಾಣಕ್ಕೂ ಕಡಮೆಯಲ್ಲ. ಗೀರಿದ ಜಾಗದಲ್ಲಿ ಎಂಟನೆಯ ದಿನದ ಹೊತ್ತಿಗೆ ತಿಳಿಯಾದ ಗುಳ್ಳೆ ಏಳುತ್ತದೆ. ಅದರ ರಸವನ್ನು ಒಡನೆಯೇ ಇನ್ನೊಂದು ತೋಳಿಗೆ ದಾಟಿಸಬೇಕು. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಆ ದಿನಗಳಲ್ಲಿ ಬಿಸಿಲಿನ ನಾಡಿನಲ್ಲಿ ಮದ್ದು ಕೆಡದಂತೆ ಕಾಪಾಡಲು ಮನುಷ್ಯರ ಮೈಗಿಂತ ಉತ್ತಮವಾದ ಪಾತ್ರೆ ಇರಲಿಲ್ಲ. ಹೀಗೆ ತೋಳಿನಿಂದ ತೋಳಿಗೆ, ವಿಯೆನ್ನಾದಿಂದ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ರಸವನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲೆಗೆ ಹಾಕಲಾಯಿತು. ದೇಶದಲ್ಲಿ ಹಬ್ಬಿದ ಮದ್ದಿನ ಸರಪಳಿಯ ಮೊದಲ ಕೊಂಡಿ ಆ ಮಗು. ಸರಪಳಿ ಎಲ್ಲಿಯೂ ಕಡಿಯಬಾರದು. ಕಡಿಯಬಾರದೆಂದರೆ ವಾರವಾರವೂ ಹೊಸ ಮಕ್ಕಳು ಬೇಕು. ಮಕ್ಕಳು ಬೇಕೆಂದರೆ ತಾಯಂದಿರ ಒಪ್ಪಿಗೆ ಬೇಕು. ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಫ್ರೆಂಚ್ ಪಾದ್ರಿ ಅಬೆ ದುಬೊವಾ ಒಬ್ಬರು. ಕಾವಿಯುಟ್ಟು, ಸಸ್ಯಾಹಾರವನ್ನೇ ಉಂಡು, ಹಳ್ಳಿಗರ ನಡುವೆ ಬಾಳಿದ ಅವರಿಗೆ ಎಷ್ಟೋ ಮನೆಗಳ ಬಾಗಿಲು ತೆರೆದಿತ್ತು.

ಎಲ್ಲ ಬಾಗಿಲುಗಳೂ ತೆರೆದಿದ್ದವೆಂದಲ್ಲ. ಅಂದಿನ ತಂದೆತಾಯಿಗಳ ಹಿಂಜರಿಕೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನಮ್ಮ ಕಾಲದ ಅವಸರ. ರಸ ಬಂದುದು ಯಾವ ಜಾತಿಯ, ಯಾವ ಮನೆಯ ಮಗುವಿನ ಮೈಯಿಂದಲೋ ತಿಳಿಯದು. ಅದರೊಡನೆ ಬೇರೆ ಬೇನೆಯೂ ಬರಬಹುದೆಂಬ ಶಂಕೆ ಪೂರ್ತಿ ಆಧಾರವಿಲ್ಲದ್ದೂ ಆಗಿರಲಿಲ್ಲ. ತೋಳಿನಿಂದ ತೋಳಿಗೆ ಹಾಕುವ ಆ ಕ್ರಮವನ್ನು ಮುಂದೆ ಇಂಗ್ಲೆಂಡೇ ಆ ಕಾರಣಕ್ಕಾಗಿ ಬಿಟ್ಟುಕೊಟ್ಟಿತು. ಆರೋಗ್ಯವಾಗಿರುವ ಮಗುವಿನ ಮೈಯನ್ನು ಗೀರಿ ಜ್ವರ ಬರಿಸುವುದನ್ನು ಯಾವ ತಾಯಿಯ ಕರುಳು ತಟ್ಟನೆ ಒಪ್ಪೀತು? ಇದಲ್ಲದೆ ದೇವಿಯ ಭಯವೊಂದು ಬೇರೆ. ಕರೆಯದೆ ಬರುವವಳನ್ನು ಕರೆದು ಕೆಣಕಿದಂತಾಗದೆ? ಇಷ್ಟಾಗಿ ಮದ್ದು ಹಿಡಿದು ಬಂದವನು ಯಾರು? ನಿನ್ನೆ ಕೋಟೆ ಒಡೆದ ಕಂಪೆನಿಯವನು.

ಇದಕ್ಕೆ ಪರಿಹಾರವೆಂದು ಮದರಾಸಿನಲ್ಲಿ ಒಬ್ಬ ವಿದ್ವಾಂಸನು ಹೂಡಿದ ಉಪಾಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ತಿಳಿದಿರಬೇಕು. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು 1816ರಲ್ಲಿ ತೋರಿಸಿಕೊಟ್ಟ ಎಲ್ಲಿಸನೇ ಅವನು. ಧನ್ವಂತರಿಗೂ ಶಕ್ತಿಗೂ ನಡೆದ ಸಂವಾದವೆಂಬಂತೆ, ಗೋವಿನ ಸಿಡುಬು ಗೋಮಾತೆ ಲೋಕಕ್ಕೆ ಇತ್ತ ಪ್ರಸಾದವೆಂಬಂತೆ, ಅವನು ತಮಿಳಿನಲ್ಲಿ ಒಂದು ಹೊಸ ಪುರಾಣವನ್ನೇ ಹೊಸೆದನು. ಉದ್ದೇಶ ಒಳ್ಳೆಯದಾದರೂ ನನಗೆ ಈ ಉಪಾಯ ರುಚಿಸುವುದಿಲ್ಲ. ಸುಳ್ಳು ಶಾಸ್ತ್ರದಿಂದ ಪಡೆದ ಒಪ್ಪಿಗೆ, ಸುಳ್ಳು ಬಯಲಾದ ದಿನ ಎರಡರಷ್ಟು ಅಪನಂಬಿಕೆಯಾಗಿ ತಿರುಗುತ್ತದೆ. ಮೈಸೂರಿನ ಅರಮನೆಯಲ್ಲಿ ನಡೆದುದು ಬೇರೆ ಬಗೆಯದು.

1805ರ ಜುಲೈಯಲ್ಲಿ ದೇವಾಜಮ್ಮಣ್ಣಿ ಎಂಬ ಬಾಲೆ ಮುಮ್ಮಡಿ ಕೃಷ್ಣರಾಜರ ಕೈಹಿಡಿಯಲು ಮೈಸೂರಿಗೆ ಬಂದಳು. ವಧೂವರರಿಬ್ಬರೂ ಹನ್ನೊಂದು ಹನ್ನೆರಡರ ಎಳೆಯರು. ಅರಸರ ಮೊದಲ ರಾಣಿಯ ಹೆಸರೂ ದೇವಾಜಮ್ಮಣ್ಣಿಯೇ ಆದುದರಿಂದ ಇವಳನ್ನು ಕಿರಿಯ ದೇವಾಜಮ್ಮಣ್ಣಿಯೆಂದು ಕರೆಯೋಣ. ಆಗ ರೆಸಿಡೆಂಟರ ಕೆಲಸ ನೋಡಿಕೊಳ್ಳುತ್ತಿದ್ದವನು, ಮೈಸೂರಿನ ಇತಿಹಾಸವನ್ನು ಮುಂದೆ ಗ್ರಂಥವಾಗಿ ಬರೆದ ಮಾರ್ಕ್ ವಿಲ್ಕ್ಸ್. ಅರಮನೆಗೆ ಬಂದ ಈ ಸೊಸೆಗೆ ಹೊಸ ಮದ್ದನ್ನು ಹಾಕಿಸಲಾಯಿತು. ಅಂತಃಪುರದ ಯಜಮಾನಿ ಲಕ್ಷ್ಮಮ್ಮಣ್ಣಿಯವರು. ಅವರ ಒಪ್ಪಿಗೆಯಿಲ್ಲದೆ ಪರಪುರುಷನೊಬ್ಬನ ಸೂಜಿ ರಾಣಿಯ ತೋಳನ್ನು ಮುಟ್ಟುವುದು ಆ ಮನೆಯಲ್ಲಿ ಸಾಧ್ಯವೇ ಇರಲಿಲ್ಲ. ಆ ಬಾಲೆಯ ಇಷ್ಟವನ್ನು ಯಾರೂ ಕೇಳಿರಲಾರರು. ಅದು ಕೇಳುವ ಕಾಲವಾಗಿರಲಿಲ್ಲ. ಹಿರಿಯಾಕೆ ನೋಡಿದುದು ತನ್ನ ಮನೆಯಲ್ಲಿ ನಡೆದುಹೋದ ಸಾವನ್ನು. ಇಂಗ್ಲಿಷರ ಬಗೆಗಿನ ಅವರ ಲೆಕ್ಕವೂ ಇದರಲ್ಲಿ ಬೆರೆತಿದ್ದಿರಬಹುದು; ರಾಜ್ಯದ ಹಂಗಿನಲ್ಲಿದ್ದವರು ಸಣ್ಣ ಮಾತುಗಳಲ್ಲಿ ಸ್ನೇಹ ತೋರುವುದು ಜಾಣತನ. ಆದರೆ ಸ್ನೇಹ ತೋರಲು ಉಡುಗೊರೆ ಸಾಕಾಗಿತ್ತು, ವಂಶದ ಸೊಸೆಯ ಮೈಯನ್ನು ಪಣಕ್ಕೊಡ್ಡುವ ಆವಶ್ಯಕತೆಯಿರಲಿಲ್ಲ. ಖಾಸಾ ಚಾಮರಾಜರು ಸಿಡುಬಿನಿಂದ ಹೋಗಿ ಆಗ ಒಂಬತ್ತು ವರ್ಷವೂ ಪೂರ್ತಿ ಕಳೆದು ಹೆಚ್ಚು ದಿನವಾಗಿರಲಿಲ್ಲ.

ರಾಣಿ ಮದ್ದು ಹಾಕಿಸಿಕೊಂಡ ಸುದ್ದಿಯಿಂದ ಜನರ ಮೇಲೆ ಒಳ್ಳೆಯ ಪರಿಣಾಮವಾಯಿತೆಂದೂ ಅನೇಕರು ತಾವಾಗಿ ಮುಂದೆ ಬಂದರೆಂದೂ 1806ರ ಜುಲೈ ತಿಂಗಳ ಬರಹವೊಂದು ತಿಳಿಸುತ್ತದೆ. ಇದೇ ತಿಂಗಳು ಅರಮನೆಯಿಂದ ಬಹು ದೂರವಲ್ಲದ ವೆಲ್ಲೂರಿನಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಿಪಾಯಿಗಳು ಹಣೆಯ ನಾಮ, ವಿಭೂತಿಗಳನ್ನು ಅಳಿಸಬೇಕು, ಗಡ್ಡ ಬೋಳಿಸಬೇಕು, ಹೊಸ ಬಗೆಯ ರುಮಾಲು ಧರಿಸಬೇಕು ಎಂದು ಮದರಾಸು ಸೇನೆ ಅಪ್ಪಣೆ ಹೊರಡಿಸಿತ್ತು. ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ನೂರಕ್ಕೂ ಹೆಚ್ಚು ಇಂಗ್ಲಿಷ್ ಸೈನಿಕರು ಸತ್ತರು. ಸಂಜೆಯೊಳಗೆ ಸೇಡು ತೀರಿ ಸಿಪಾಯಿಗಳ ಹೆಣಗಳು ನೂರುಗಟ್ಟಲೆ ಬಿದ್ದವು. ಹಣೆಯ ಮೇಲಿನ ಒಂದು ಗೆರೆಯನ್ನು ಅಳಿಸೆಂದ ಅದೇ ಸರ್ಕಾರ ತೋಳಿನ ಮೇಲೆ ಗೆರೆ ಗೀರಿಸಿಕೊಳ್ಳಿರೆಂದೂ ಹೇಳುತ್ತಿತ್ತು. ಮೊದಲನೆಯದು ಅಪ್ಪಣೆಯಾಗಿ ಬಂದು ರಕ್ತಪಾತದಲ್ಲಿ ಮುಗಿಯಿತು. ಎರಡನೆಯದು ಮೈಸೂರಿನಲ್ಲಿ ಹಿರಿಯ ಮನೆಯೊಂದರ ಸೊಸೆಯ ತೋಳಿನ ಮೇಲೆ ಏರಿ ಬಂತು. ಜನ ಎರಡನ್ನೂ ತೂಗಿ ನೋಡಿದರು. 1807ರ ಹೊತ್ತಿಗೆ ದೇಶದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ತೋಳುಗಳಿಗೆ ಮದ್ದು ಬಿದ್ದಿತ್ತೆಂದು ಎಣಿಕೆ.

1810ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ಅವರು ಕಾಪಾಡಿದ ಮಗು ಆಗ ಹದಿನಾರನ್ನು ಸಮೀಪಿಸುತ್ತಿದ್ದ ಯುವಕ. ಮರುವರ್ಷ ಪೂರ್ಣಯ್ಯನವರು ಅಧಿಕಾರ ಬಿಟ್ಟುಕೊಟ್ಟರು, 1812ರಲ್ಲಿ ಅವರೂ ಹೋದರು. ಮುಮ್ಮಡಿಯವರ ಆಳಿಕೆಯ ಗುಣದೋಷಗಳು ಇಲ್ಲಿಯ ವಿಷಯವಲ್ಲ. 1830-31ರಲ್ಲಿ ಕಂದಾಯದ ಕಿರುಕುಳ ತಾಳಲಾರದೆ ನಗರ ಸೀಮೆಯ ರೈತರು ಎದ್ದುನಿಂತರು. ದಂಗೆಯ ಬಿಸಿ ಹೊನ್ನಾಳಿಗೂ ತಟ್ಟಿತು. ಅದನ್ನೇ ಕಾರಣಮಾಡಿ ಕಂಪೆನಿ 1831ರಲ್ಲಿ ರಾಜರಿಂದ ಆಡಳಿತವನ್ನು ಕಸಿದುಕೊಂಡಿತು. ಅಂದಿನಿಂದ ಈ ಕಡೆಯ ಹಳ್ಳಿಗಳಿಗೆ ದೇವಿ ಹಾಕುವವನು ಬಂದುದು ಸರ್ಕಾರದ ಆಳಾಗಿ. ಕಂದಾಯ ಕೇಳುವವನೂ ಸರ್ಕಾರದವನು, ಮಗುವಿನ ತೋಳು ಕೇಳುವವನೂ ಸರ್ಕಾರದವನು. ಊರೊಳಗೆ ಅವನ ಸುಳಿವು ಹತ್ತಿದೊಡನೆ ಮಕ್ಕಳನ್ನು ಅಟ್ಟಕ್ಕೇರಿಸುತ್ತಿದ್ದುದನ್ನೂ, ಹುಲ್ಲುಬಣವೆಯ ಹಿಂದೆ ಕೂರಿಸುತ್ತಿದ್ದುದನ್ನೂ, ಹಾಕಿಸಿದ ಮೇಲೆ ಸೆಗಣಿ ಸವರಿ ತೊಳೆದುಬಿಡುತ್ತಿದ್ದುದನ್ನೂ ನಮ್ಮ ಸೀಮೆಯ ಮುದುಕರು ನಗುನಗುತ್ತ ಹೇಳುತ್ತಿದ್ದರು. ಅದೇ ಮುದುಕರ ನೆರೆಯಲ್ಲಿ ಮುಖದ ತುಂಬ ಕುಳಿಬಿದ್ದವರೂ, ಕಣ್ಣು ಕಳೆದುಕೊಂಡವರೂ ಇದ್ದರು. ಅವರ ಕಥೆಯನ್ನು ಯಾರೂ ನಗುತ್ತ ಹೇಳಲಿಲ್ಲ. 1880ರ ಲಸಿಕೆಯ ಕಾಯಿದೆ ಬ್ರಿಟಿಷ್ ಭಾರತದ ಕೆಲವು ಪಟ್ಟಣಗಳಲ್ಲಿ ಮದ್ದನ್ನು ಕಡ್ಡಾಯಮಾಡಿತು. ಕಾಯಿದೆ ಬಂದ ಮೇಲೂ ಹಳ್ಳಿ ಹಳ್ಳಿಯ ಮನೆ ಬಾಗಿಲಿಗೆ ಹೋಗಿ ತಾಯಂದಿರನ್ನು ಒಪ್ಪಿಸುವ ಕೆಲಸ ಇನ್ನೊಂದು ನೂರು ವರ್ಷ ಬಾಕಿಯುಳಿಯಿತು. ಭಾರತದ ನೆಲದಲ್ಲಿ ಕೊನೆಯ ಸಿಡುಬು ಕಂಡುದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಲೋಕಕ್ಕೇ ಅದರ ಬಿಡುಗಡೆಯಾಯಿತೆಂದು ಸಾರಲಾಯಿತು. ಇಂದಿನ ತಾಯಂದಿರಲ್ಲಿ ಯಾರೂ ಆ ಬೇನೆಯ ಮುಖ ಕಂಡವರಲ್ಲ. ಕಂಡಿದ್ದರೆ ಶಾಲೆಯಿಂದ ಬಂದ ಚೀಟಿಗೆ ಸಹಿ ಹಾಕುವಾಗ ಅವರ ಕೈ ತಡವರಿಸುವ ರೀತಿ ಬೇರೆಯಾಗುತ್ತಿತ್ತೋ ಏನೋ. ಲಕ್ಷ್ಮಮ್ಮಣ್ಣಿಯವರು ಕಂಡಿದ್ದರು.

ಈ ಕಥೆಯ ಒಂದು ಕುರುಹು ಚಿತ್ರವಾಗಿ ಉಳಿದಿದೆ. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕ್ಕಿ 1805ರಲ್ಲಿ ಮೈಸೂರಿಗೆ ಬಂದಿದ್ದನು. ಪೂರ್ಣಯ್ಯನವರನ್ನೂ ಬರೆದ ಕೈ ಅದು. ಅವನು ಬರೆದ ಎಣ್ಣೆಬಣ್ಣದ ಪಟವೊಂದರಲ್ಲಿ ಮೂವರು ಹೆಂಗಸರು ನಿಂತಿದ್ದಾರೆ. ಪಟ ಮೈಸೂರನ್ನು ಬಿಟ್ಟು ಹೋಯಿತು, ಹೋದ ಕಡೆ ಹೆಸರನ್ನೂ ಕಳೆದುಕೊಂಡಿತು. ಬಹುಕಾಲ ನೋಡಿದವರು ಅವರನ್ನು ನಾಟ್ಯದ ಹೆಂಗಸರೆಂದೂ ವೇಶ್ಯೆಯರೆಂದೂ ತಿಳಿದರು. ಒಡವೆ ತೊಟ್ಟು ಪರಪುರುಷನಾದ ಚಿತ್ರಕಾರನ ಮುಂದೆ ನಿಂತ ಹೆಂಗಸರು ಬೇರೆ ಯಾರಾದರೂ ಆಗಿರಬಹುದೆಂದು ಅವರಿಗೆ ತೋಚಲಿಲ್ಲ. 2001ರಲ್ಲಿ ನೈಜಲ್ ಚಾನ್ಸಲರ್ ಎಂಬ ಇತಿಹಾಸಕಾರನು ಪಟವನ್ನು ಕೂಲಂಕಷವಾಗಿ ಪರೀಕ್ಷಿಸಿ, ಇವರು ಮೈಸೂರಿನ ರಾಣಿಯರೆಂದೂ, ಪಟವನ್ನು ಬರೆಸಿದುದು ಹೊಸ ಮದ್ದನ್ನು ಜನರಲ್ಲಿ ಪ್ರಚಾರಮಾಡುವುದಕ್ಕೆಂದೂ ವಾದಿಸಿದನು. 2007ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ ಮಾರಾಟವಾಯಿತು.

ಎಡಗಡೆ ನಿಂತವಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದ ಗುರುತುಂಟು. ಸಿಡುಬಿನ ಒಣಗಿದ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಕ್ರಮದ ಗುರುತು ಅದೆಂದೂ, ಅವಳೇ ಹಿರಿಯ ದೇವಾಜಮ್ಮಣ್ಣಿಯೆಂದೂ ಚಾನ್ಸಲರನ ಊಹೆ. ಬಲಗಡೆಯವಳು ಕಿರಿಯ ದೇವಾಜಮ್ಮಣ್ಣಿ. ಅವಳು ಸೀರೆಯ ಸೆರಗನ್ನು ಸರಿಸಿ ಹಿಡಿದು, ತೋಳಿನ ಮೇಲ್ಭಾಗದಲ್ಲಿ ಮದ್ದು ಬಿದ್ದ ಜಾಗವನ್ನು ನೋಡುವವರಿಗೆ ತೋರುತ್ತಿದ್ದಾಳೆ. ಇಬ್ಬರು ಸೊಸೆಯರ ನಡುವೆ ನಿಂತ ಹೆಂಗಸು ಲಕ್ಷ್ಮಮ್ಮಣ್ಣಿಯವರಿರಬೇಕೆಂದು ಅವನ ಅಭಿಪ್ರಾಯ.